ಮರುಬಳಕೆಯ ದುಬಾರಿ ಲೆಕ್ಕ

ಹಳೇ ಕಾರು ಕೊಂಡವರಿಗೆ ಗೊತ್ತು, ಕಾರಿನ ಬೆಲೆಗಿಂತ ಗ್ಯಾರೇಜಿನ ಬಿಲ್ಲೇ ಭಾರ. ಮತ್ತೆ ಮತ್ತೆ ಹಾರಿಸಲೆಂದು ಮಾಡಿದ ನಾಸಾದ ಬಾಹ್ಯಾಕಾಶ ನೌಕೆ ಸ್ಪೇಸ್ ಷಟಲ್‌ನ ಕಥೆಯೂ ಅದೇ. ವರ್ಷಕ್ಕೆ ಸುಮಾರು 50 ಸಲ ಹಾರಿಸಿ ಖರ್ಚು ಇಳಿಸುವ ಲೆಕ್ಕ 1970ರ ದಶಕದ್ದು. ಆದರೆ 1985ರಲ್ಲಿ 9 ಸಲ ಹಾರಿದ್ದೇ ದಾಖಲೆ. ನೌಕೆಯ ಮೈಗೆ ಅಂಟಿಸಿದ್ದ ಶಾಖನಿರೋಧಕ ಬಿಲ್ಲೆಗಳು 20 ಸಾವಿರಕ್ಕೂ ಹೆಚ್ಚು. ಹೆಚ್ಚುಕಮ್ಮಿ ಒಂದೊಂದಕ್ಕೂ ಬೇರೆ ಆಕಾರ, ಬೇರೆ ನಂಬರು. ಮರಳಿದಾಗಲೆಲ್ಲ ಅವನ್ನು ತಪಾಸಣೆ ಮಾಡಬೇಕಿತ್ತು, ಕೆಟ್ಟದ್ದನ್ನು ಕಿತ್ತು ಕೈಯಲ್ಲೇ ಹೊಸದು ಅಂಟಿಸಬೇಕಿತ್ತು. ಎಂಜಿನ್ ಕಳಚುವ ಕೆಲಸ ಬೇರೆ. ನೌಕೆ ಹಾರಲಿ ಬಿಡಲಿ, ಸಾವಿರಾರು ನೌಕರರ ಸಂಬಳವಂತೂ ನಿಲ್ಲುತ್ತಿರಲಿಲ್ಲ. 2011ಕ್ಕೆ ಮುಗಿದ 135 ಯಾನಗಳಿಗೆ ಇಡೀ ಯೋಜನೆಯ ವೆಚ್ಚ ಹಂಚಿದರೆ ಯಾನವೊಂದಕ್ಕೆ ಸುಮಾರು 150 ಕೋಟಿ ಡಾಲರ್! ಮರುಬಳಕೆ ಅಗ್ಗ ಎನ್ನುವವರು ಮೊದಲು ದುರಸ್ತಿಯ ಲೆಕ್ಕ ತೋರಿಸಲಿ.