ಗಾಜಿನ ಜಾಡಿ ಹೇಳಿದ ಪಾಠ

ಮಳೆಗಾಲದ ಕೆಂಪು ನೀರನ್ನು ಕೊಡದಲ್ಲಿ ತುಂಬಿ ಮೂಲೆಯಲ್ಲಿಟ್ಟರೆ ಬೆಳಗಾಗುವ ಹೊತ್ತಿಗೆ ತಿಳಿಯಾಗಿರುತ್ತದೆ. ಮರಳು ತಕ್ಷಣ ತಳ ಸೇರುತ್ತದೆ, ಜೇಡಿ ಮಾತ್ರ ರಾತ್ರಿಯಿಡೀ ಸತಾಯಿಸುತ್ತದೆ. ಇದು ನಮ್ಮ ಅಜ್ಜಿಯರಿಗೆಲ್ಲ ಗೊತ್ತಿದ್ದ ಸಂಗತಿ. ಏಕೆ ಹಾಗೆ, ಎಷ್ಟು ಹೊತ್ತು ಬೇಕು ಎಂಬ ಲೆಕ್ಕಕ್ಕೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಒಂದು ಪೇಪರೇ ಇದೆ: ‘ಫ್ಲೂಯಿಡ್ ಅಂಡ್ ಪಾರ್ಟಿಕಲ್ ಮೆಕ್ಯಾನಿಕ್ಸ್’. ನೀರು, ಗಾಳಿಯಂಥ ಹರಿಯುವ ವಸ್ತುಗಳು ಮತ್ತು ಅವುಗಳೊಳಗೆ ಸಿಕ್ಕಿದ ಕಣಗಳು ಹೇಗೆ ಚಲಿಸುತ್ತವೆ ಎಂಬ ಶಾಸ್ತ್ರ.

ನಮ್ಮ ಅಣ್ಣನ ಮಗಳು ಕಳೆದ ಸಲ ಈ ಪೇಪರಿನಲ್ಲಿ ನಪಾಸಾದಳು. ಮತ್ತೆ ಪರೀಕ್ಷೆ ಕಟ್ಟಿದ್ದಾಳೆ. ರಜೆಗೆಂದು ನಮ್ಮ ಮನೆಗೆ ಬಂದವಳು ಕಂಪ್ಯೂಟರ್ ಬಿಟ್ಟು ಏಳುತ್ತಿರಲಿಲ್ಲ. ಸಿನಿಮಾ ಇರಬಹುದೆಂದು ಇಣುಕಿದರೆ, ಯಾರೋ ಪ್ರೊಫೆಸರು ಕಪ್ಪು ಹಲಗೆಯ ಮುಂದೆ ಪಾಠ ಹೇಳುತ್ತಿದ್ದರು. ಅದೇ ವಿಷಯದ ಅಂತರ್ಜಾಲ ಕೋರ್ಸು.

ಇದೊಂದು ದೊಡ್ಡ ಅನುಕೂಲ, ಅನುಮಾನವಿಲ್ಲ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಎನ್‌ಪಿಟಿಇಎಲ್ ಯೋಜನೆ ಆರಂಭಿಸಿದವು. 2017ರಲ್ಲಿ ಕೇಂದ್ರ ಸರ್ಕಾರದ ‘ಸ್ವಯಂ’ ಬಂತು. ಹೊರದೇಶದ ವಿಶ್ವವಿದ್ಯಾಲಯಗಳ ಪಾಠಗಳೂ ಸಿಗುತ್ತವೆ. ಒಂದು ಕಾಲಕ್ಕೆ ಪ್ರವೇಶ ಪರೀಕ್ಷೆ ಗೆದ್ದವರಿಗಷ್ಟೇ ದಕ್ಕುತ್ತಿದ್ದ ಪಾಠವನ್ನು ಇಂದು ತಾಲ್ಲೂಕು ಊರಿನ ಹುಡುಗಿ ಪುಕ್ಕಟೆ ಕೇಳಬಹುದು. ಅರ್ಥವಾಗದಿದ್ದರೆ ಹಿಂದಕ್ಕೆ ತಿರುಗಿಸಿ ಹತ್ತು ಸಲ ಕೇಳಬಹುದು. ಪ್ರೊಫೆಸರು ಸಿಟ್ಟಾಗುವುದಿಲ್ಲ.

ಆದರೆ ಒಂದು ಸಂಜೆ ಅವಳ ಮುಖ ಸಪ್ಪಗಿತ್ತು.

“ಏನಮ್ಮ?”

“ನೋಡಿ ಚಿಕ್ಕಪ್ಪ, ಸೂತ್ರ ಸರಿಯಾಗಿದೆ, ಗುಣಾಕಾರ ಭಾಗಾಕಾರ ಸರಿಯಾಗಿದೆ. ಉತ್ತರ ಮಾತ್ರ ತಪ್ಪಂತೆ.”

ಪ್ರಶ್ನೆ ಸರಳ. ಒಂದು ಮಿಲಿಮೀಟರ್ ವ್ಯಾಸದ ಮರಳಿನ ಕಣ ನೀರಿನಲ್ಲಿ ಯಾವ ವೇಗದಲ್ಲಿ ಮುಳುಗುತ್ತದೆ? ಅವಳು ಬಳಸಿದ್ದು ಸ್ಟೋಕ್ಸ್ ಸೂತ್ರ. ಜಾರ್ಜ್ ಸ್ಟೋಕ್ಸ್ 1851ರಲ್ಲಿ ಪ್ರಕಟಿಸಿದ್ದು. ಲೋಲಕದ ಓಲಾಟವನ್ನು ಗಾಳಿ ಎಷ್ಟು ತಡೆಯುತ್ತದೆ ಎಂದು ಲೆಕ್ಕ ಹಾಕಲು ಹೊರಟವರಿಗೆ ಸಿಕ್ಕಿದ ಫಲ ಇದು. ಅದರ ಪ್ರಕಾರ ಮುಳುಗುವ ವೇಗ ವ್ಯಾಸದ ವರ್ಗವನ್ನು ಅನುಸರಿಸುತ್ತದೆ. ಕಣ ಹತ್ತು ಪಟ್ಟು ಚಿಕ್ಕದಾದರೆ ವೇಗ ನೂರು ಪಟ್ಟು ತಗ್ಗುತ್ತದೆ. 0.02 ಮಿಲಿಮೀಟರ್ ಕಣ ಹತ್ತು ಸೆಂಟಿಮೀಟರ್ ಇಳಿಯಲು ಐದು ನಿಮಿಷ ಸಾಕು. 0.002 ಮಿಲಿಮೀಟರಿನ ಜೇಡಿಕಣಕ್ಕೆ ಏಳೂವರೆ ಗಂಟೆಗೂ ಹೆಚ್ಚು ಬೇಕು. ಅಜ್ಜಿಯ ಕೊಡ ಬೆಳಗಿನವರೆಗೆ ಕಾದದ್ದು ಇದಕ್ಕೇ.

ಅವಳಿಗೆ ಬಂದ ಉತ್ತರ ಸೆಕೆಂಡಿಗೆ 90 ಸೆಂಟಿಮೀಟರ್. ತಪ್ಪೆಲ್ಲಿ ಎಂದು ಯಂತ್ರ ಹೇಳಲಿಲ್ಲ, ಕೆಂಪು ಗುರುತು ಹಾಕಿ ಸುಮ್ಮನಾಯಿತು. ಎಂದೋ ಬಿ.ಎಸ್ಸಿ. ಓದಿದ ನನಗೂ ತೋಚಲಿಲ್ಲ. ಕೊನೆಗೆ ಅಡುಗೆಮನೆಯಿಂದ ಒಂದಡಿ ಎತ್ತರದ ಗಾಜಿನ ಜಾಡಿ ತಂದು ನೀರು ತುಂಬಿದೆವು. ಪಕ್ಕದಲ್ಲಿ ಮನೆ ಕಟ್ಟುವವರ ರಾಶಿಯಿಂದ ಒಂದು ಚಿಟಿಕೆ ಮರಳು ತಂದೆವು. ಅವಳ ಲೆಕ್ಕ ನಿಜವಾಗಿದ್ದರೆ ಕಣ ಕಣ್ಣು ಮಿಟುಕಿಸುವಷ್ಟರಲ್ಲಿ ತಳ ಮುಟ್ಟಬೇಕಿತ್ತು. ಮುಟ್ಟಲಿಲ್ಲ. ಆರಾಮವಾಗಿ, ತುಸು ಓಲಾಡುತ್ತ, ಎರಡು ಸೆಕೆಂಡು ತೆಗೆದುಕೊಂಡಿತು!

ಅವಳು ಮತ್ತೊಮ್ಮೆ ಹಾಕಿದಳು, ಮಗದೊಮ್ಮೆ ಹಾಕಿದಳು. ಆಮೇಲೆ ಓಡಿಹೋಗಿ ಪಾಠವನ್ನು ಹಿಂದಕ್ಕೆ ತಿರುಗಿಸಿದಳು. ಪ್ರೊಫೆಸರು ಹೇಳಿಯೇ ಇದ್ದರು: ಸ್ಟೋಕ್ಸ್ ಸೂತ್ರ ನಡೆಯುವುದು ರೇನಾಲ್ಡ್ಸ್ ಸಂಖ್ಯೆ ಒಂದಕ್ಕಿಂತ ಕಡಿಮೆ ಇದ್ದಾಗ ಮಾತ್ರ. ಮ್ಯಾಂಚೆಸ್ಟರಿನ ಆಸ್ಬೋರ್ನ್ ರೇನಾಲ್ಡ್ಸ್ 1883ರಲ್ಲಿ ಗಾಜಿನ ಕೊಳವೆಯ ನೀರಿಗೆ ಬಣ್ಣದ ಎಳೆ ಬಿಟ್ಟು, ಶಾಂತವಾದ ಹರಿವು ಯಾವಾಗ ಕದಡುತ್ತದೆಂದು ತೋರಿಸಿದವರು. ಅವರ ಹೆಸರಿನ ಸಂಖ್ಯೆ ಅದು. ಇವಳ ಲೆಕ್ಕದಲ್ಲಿ ಅದು 900! ಇಂಥ ಕಣದ ಹಿಂದೆ ನೀರು ಸುಳಿಯೇಳುತ್ತದೆ, ಅದನ್ನು ಹಿಡಿದೆಳೆಯುತ್ತದೆ. ಕಣ ಗುಂಡಗಿದೆಯೆಂದು ಭಾವಿಸಿದರೂ ನಿಜವಾದ ವೇಗ ಸೆಕೆಂಡಿಗೆ ಹದಿನೈದು ಸೆಂಟಿಮೀಟರಿನ ಆಸುಪಾಸು.

“ಕ್ಲಾಸಿನಲ್ಲೂ ಇದನ್ನ ಹೇಳಿದ್ರು ಚಿಕ್ಕಪ್ಪ. ಬರ್ಕೊಂಡಿದ್ದೆ. ಅರ್ಥ ಆಗಿರ್ಲಿಲ್ಲ. ಎಲ್ಲರ ಮುಂದೆ ಕೇಳೋಕೆ ನಾಚಿಕೆ ಆಯ್ತು” ಎಂದಳು.

ನನಗೆ ಚುರುಕ್ ಎಂದಿತು. ತರಗತಿಯಲ್ಲಿ ಅರ್ಥವಾಗದ ಮುಖವನ್ನು ಕಂಡು ನಿಲ್ಲುವ ಮೇಷ್ಟ್ರು ಇರಬಹುದು, ಇಲ್ಲದಿರಬಹುದು. ಪರದೆಯ ಮೇಲಿನವರಿಗೆ ಆ ಮುಖ ಕಾಣುವುದೇ ಇಲ್ಲ. ಪಾಠ ಕೇಳಿದ್ದನ್ನೇ ಕಲಿತದ್ದೆಂದು ನಂಬಿ ಮುಂದಿನ ಪಾಠಕ್ಕೆ ಹೋಗುವುದು ಅಲ್ಲಿ ಇನ್ನೂ ಸುಲಭ.

ಸೂತ್ರ ಎಲ್ಲಿ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ತಿಳಿಯುವುದು ಅಂಕಗಳಿಗಷ್ಟೇ ಬೇಕಾದ ಮಾತಲ್ಲ. 1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧವಾದಾಗ ಅದರಲ್ಲಿ ಸುಮಾರು 133 ಟಿಎಂಸಿ ನೀರು ನಿಲ್ಲುತ್ತಿತ್ತು. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಹೊಳೆ ಬಂದು ಜಲಾಶಯ ಸೇರುವಲ್ಲಿ ಹರಿವು ನಿಧಾನವಾಗಿ ದಪ್ಪ ಮರಳು ಮೊದಲು ಇಳಿಯುತ್ತದೆ, ನುಣ್ಣನೆ ಜೇಡಿ ಅಣೆಕಟ್ಟೆಯವರೆಗೂ ಸಾಗುತ್ತದೆ. ನಮ್ಮ ಜಾಡಿಯ ಕಥೆಯೇ. ನಾಳೆ ಅದರ ಲೆಕ್ಕ ಹಾಕಬೇಕಾದವರು ಇಂಥ ಹುಡುಗ ಹುಡುಗಿಯರೇ ಅಲ್ಲವೆ?

ಪರೀಕ್ಷೆ ಮುಂದಿನ ತಿಂಗಳು. ಈಗ ಅವಳು ಪಾಠವನ್ನು ಹತ್ತು ನಿಮಿಷ ನೋಡುತ್ತಾಳೆ, ನಿಲ್ಲಿಸುತ್ತಾಳೆ, ಪೆನ್ಸಿಲ್ ಹಿಡಿಯುತ್ತಾಳೆ. ಉತ್ತರ ಬಂದಮೇಲೆ ‘ಇದು ನಿಜವಿರಬಹುದೇ?’ ಎಂದು ತನ್ನನ್ನೇ ಕೇಳಿಕೊಳ್ಳುತ್ತಾಳೆ. ನಿಮ್ಮ ಮನೆಯ ಮಕ್ಕಳೂ ಅಂತರ್ಜಾಲದಲ್ಲಿ ಪಾಠ ಕೇಳುತ್ತಿದ್ದರೆ ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ನಿಮಗೆ ವಿಷಯ ಗೊತ್ತಿರಬೇಕೆಂದಿಲ್ಲ. ‘ನನಗೂ ಹೇಳಿಕೊಡು’ ಎಂದರೆ ಸಾಕು.