ಸರ್ವರ್ ಉನ್ನತೀಕರಣವೂ ಹನ್ನೊಂದನೆಯ ತಾರೀಖೂ

ನಂಜನಗೂಡು ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳಲ್ಲಾಗಲಿ, ತಿ. ನರಸೀಪುರದ ಅಕ್ಕಿ ಗಿರಣಿಗಳಲ್ಲಾಗಲಿ, ಲೆಕ್ಕಪತ್ರಗಳು ಕೆಂಪು ಬಟ್ಟೆಯ ಖಾತೆ ಪುಸ್ತಕವನ್ನು ತೊರೆದು ಕಚೇರಿಯ ಮೂಲೆಯ ಸರ್ವರನ್ನು ಸೇರತೊಡಗಿ ಬಹುಕಾಲವಾಯಿತು. ಮಾಲೀಕರು ಮನೆಯಿಂದಲೂ ಲೆಕ್ಕಪರಿಶೋಧಕರು ಮೈಸೂರಿನಿಂದಲೂ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅದರೊಳಗೆ ಪ್ರವೇಶಿಸುವ ಅನುಕೂಲ ಸಣ್ಣದೇನಲ್ಲ. ತಂತ್ರಾಂಶ ಉನ್ನತೀಕರಣದ ಮರುದಿನ ಈ ಪ್ರವೇಶವೇ ನಿಂತುಹೋದಾಗ ಅದರ ಬೆಲೆ ತಿಳಿಯುತ್ತದೆ.

ಉನ್ನತೀಕರಣವನ್ನು ಮುಂದೂಡುತ್ತಲೇ ಇರುವಂತಿಲ್ಲ. ವಿಂಡೋಸ್ ಸರ್ವರ್ 2012ರ ಸಾಮಾನ್ಯ ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿದಿದೆ. ಅದೇ ವರ್ಷದ ಏಪ್ರಿಲ್ 1ರಿಂದ, ಪ್ರತಿಯೊಂದು ತಿದ್ದುಪಡಿಯ ದಾಖಲೆ ಉಳಿಸುವ ಲೆಕ್ಕ ತಂತ್ರಾಂಶವನ್ನೇ ಬಳಸುವುದು ಕಂಪನಿಗಳಿಗೆ ಕಡ್ಡಾಯವಾಗಿದೆ. ಆದರೆ ಈ ಕೆಲಸವನ್ನು ತಿಂಗಳ ಮೊದಲ ವಾರದಲ್ಲಿ ಕೈಗೊಳ್ಳುವುದು ಅವಿವೇಕವೇ ಸರಿ. ತಿಂಗಳಿಗೊಮ್ಮೆ ಜಿಎಸ್‌ಟಿಆರ್-1 ಸಲ್ಲಿಸುವವರಿಗೆ 11ನೆಯ ತಾರೀಖು ಗಡುವು. ಅದು ತಪ್ಪಿದರೆ ಖರೀದಿದಾರರ ಆ ತಿಂಗಳ ಹೂಡುವಳಿ ತೆರಿಗೆ ಜಮೆಗೂ ಅಡ್ಡಿಯಾಗುತ್ತದೆ. ಗ್ರಾಹಕರು ಸರ್ವರಿನ ಕಥೆಯನ್ನು ಕೇಳುವುದಿಲ್ಲ, ಬಾಕಿ ಹಣವನ್ನು ತಡೆಹಿಡಿಯುತ್ತಾರೆ.

2018ರ ಮೇ ತಿಂಗಳಲ್ಲಿ ವಿಶ್ವದಾದ್ಯಂತ ನಡೆದುದು ಇಲ್ಲಿ ಸ್ಮರಣೀಯ. ಮೈಕ್ರೋಸಾಫ್ಟಿನ ಭದ್ರತಾ ಪರಿಷ್ಕರಣೆ ಪಡೆದ ಗಣಕಯಂತ್ರಗಳು, ಅದನ್ನು ಪಡೆಯದ ಸರ್ವರುಗಳೊಡನೆ ಸಂಪರ್ಕಿಸಲು ನಿರಾಕರಿಸಿದವು. ಪರದೆಯ ಮೇಲಿನ ಸಂದೇಶದಲ್ಲಿ ‘ಒರಾಕಲ್’ ಎಂಬ ಪದವಿತ್ತು. ಅದಕ್ಕೂ ಆ ಹೆಸರಿನ ಕಂಪನಿಗೂ ಸಂಬಂಧವಿರಲಿಲ್ಲ. ಎರಡೂ ಕಡೆ ಪರಿಷ್ಕರಣೆ ಅಳವಡಿಸುವುದೇ ಸರಿಯಾದ ಪರಿಹಾರವಾಗಿತ್ತು. ಪರಿಷ್ಕರಣೆಯನ್ನೇ ಕಿತ್ತುಹಾಕುವುದು ಸುಲಭದ ದಾರಿ.

ಈ ಸುಲಭದ ದಾರಿಯೇ ಅಪಾಯಕಾರಿ. ಪ್ರವೇಶ ಸಿಗಲಿಲ್ಲವೆಂದು ಫೈರ್‌ವಾಲ್ ಆರಿಸಿ, 3389ನೆಯ ಪೋರ್ಟನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆದಿಡುವುದು, ಗೋದಾಮಿನ ಬೀಗದ ಕೈ ಕಳೆಯಿತೆಂದು ಬಾಗಿಲನ್ನೇ ಕಿತ್ತಿಟ್ಟಂತೆ. ದತ್ತಾಂಶವನ್ನು ಒತ್ತೆಯಿಟ್ಟು ಹಣ ಕೇಳುವವರು ಹುಡುಕುವುದೇ ಇಂತಹ ಬಾಗಿಲುಗಳನ್ನು. ಮೊದಲು ಕಚೇರಿಯೊಳಗಿಂದಲೇ ಲಾಗಿನ್ ಆಗುತ್ತದೆಯೇ ಎಂದು ನೋಡಬೇಕು. ಆದರೆ ದೋಷ ರೂಟರ್, ವಿಪಿಎನ್ ಅಥವಾ ಅಂತರ್ಜಾಲ ಸಂಪರ್ಕದ ಕಡೆಗಿದೆ. ಆಗದಿದ್ದರೆ ಸರ್ವರಿನಲ್ಲಿಯೇ ಇದೆ. ಹೊರಗಿನ ಗಣಕಯಂತ್ರದಲ್ಲಿ ಉಳಿದ ಹಳೆಯ ಗುಪ್ತಪದ ಪದೇ ಪದೇ ಪ್ರಯತ್ನಿಸಿ ಬಳಕೆದಾರರ ಖಾತೆಯನ್ನು ಬಂದ್ ಮಾಡಿಸುವುದೂ ಉಂಟು.

ಇನ್ನೊಂದು ಕಾರಣ ತಡವಾಗಿ ಕಾಣಿಸಿಕೊಳ್ಳುತ್ತದೆ. ಹಲವರು ಏಕಕಾಲಕ್ಕೆ ಬಳಸುವ ರಿಮೋಟ್ ಡೆಸ್ಕ್‌ಟಾಪ್ ಸೇವೆಗೆ ಪ್ರತ್ಯೇಕ ಪರವಾನಗಿ ಬೇಕು; ಹಳೆಯ ಆವೃತ್ತಿಯದು ಹೊಸದಕ್ಕೆ ಸಲ್ಲದು. ಪರವಾನಗಿಯಿಲ್ಲದೆ ನಡೆಯುವುದು 120 ದಿನ ಮಾತ್ರ. ಏಪ್ರಿಲ್ ಆರಂಭದಲ್ಲಿ ಸ್ಥಾಪಿಸಿದ ಸೇವೆ, ಸ್ಥಾಪಿಸಿದವರೂ ಮರೆತಿರುವ ಜುಲೈ ಕೊನೆಯಲ್ಲಿ ನಿಲ್ಲುತ್ತದೆ. ಅಗ್ಗದ ದರಪಟ್ಟಿ ಒಪ್ಪುವ ಮುನ್ನ ಈ ಪರವಾನಗಿಯ ಬೆಲೆ ಅದರಲ್ಲಿ ಸೇರಿದೆಯೇ ಎಂದು ವರ್ತಕರು ಬರಹದಲ್ಲಿ ಕೇಳಿ ಪಡೆಯಬೇಕು. ಕೆಲಸಕ್ಕೆ 20ನೆಯ ತಾರೀಖು ಕಳೆದ ಮೇಲಿನ ಶನಿವಾರ ಸಂಜೆಯನ್ನು ಆರಿಸಿಕೊಳ್ಳುವುದು ಲೇಸು; ಬ್ಯಾಕಪ್ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿದ ನಂತರವೇ ಹಳೆಯ ಸರ್ವರನ್ನು ಮುಟ್ಟಬೇಕು. ನಿರ್ವಾಹಕ ಖಾತೆಯ ಗುಪ್ತಪದ ಮಾರಾಟಗಾರರ ಹುಡುಗನ ಬಳಿ ಮಾತ್ರವಿದ್ದರೆ, ಅದನ್ನು ಮಾಲೀಕರು ಅಂದೇ ಪಡೆದು ಮೊಹರು ಮಾಡಿದ ಲಕೋಟೆಯಲ್ಲಿ ತಿಜೋರಿಯಲ್ಲಿಡಬೇಕು.