ನಾಲಗೆಗೆ ಸಿಹಿ, ಉಸಿರಿಗೆ?

ಬಂಗಡೆ ಹುರಿಯಲು ಕಾವಲಿಯ ಮೇಲೆ ಸುರಿದ ತೆಂಗಿನೆಣ್ಣೆ ಅತಿಯಾಗಿ ಕಾದು ನೀಲಿ ಹೊಗೆ ಏಳತೊಡಗಿದರೆ ಕಾರವಾರದ ಯಾವ ಮನೆಯಲ್ಲೂ ಅಡುಗೆಯವರು ಅಲ್ಲೇ ನಿಂತು ಅದನ್ನು ಆಘ್ರಾಣಿಸುವುದಿಲ್ಲ. ಕಣ್ಣು ಉರಿಯುತ್ತದೆ, ಗಂಟಲು ಕೆರೆಯುತ್ತದೆ, ಕೆಮ್ಮು ಬರುತ್ತದೆ. ಒಲೆ ಆರಿಸಿ, ಕಿಟಕಿ ತೆರೆದು, ಮಕ್ಕಳನ್ನು ಹೊರಗೆ ಕಳಿಸುತ್ತಾರೆ. ಆ ಉರಿಗೆ ಮುಖ್ಯ ಕಾರಣ ಅಕ್ರೋಲಿನ್ ಎಂಬ ರಾಸಾಯನಿಕ. ಎಣ್ಣೆಯ ಅಣುವಿನಲ್ಲಿರುವ ಗ್ಲಿಸರಿನ್ ಅಂಶ ಅತಿಯಾದ ಶಾಖಕ್ಕೆ ಒಡೆದಾಗ ಹುಟ್ಟುವ ವಸ್ತು ಅದು. ಮೊದಲ ಮಹಾಯುದ್ಧದಲ್ಲಿ ಫ್ರೆಂಚರು ಇದನ್ನೇ ಶತ್ರುಗಳ ಮೇಲೆ ವಿಷಾನಿಲವಾಗಿ ಪ್ರಯೋಗಿಸಿದ್ದರು.

ಅಡುಗೆಮನೆಯ ಈ ಸಾಮಾನ್ಯ ಜ್ಞಾನವನ್ನು ನೆನಪಿಸಿಕೊಳ್ಳಲು ಕಾರಣವಿದೆ. ಇ-ಸಿಗರೇಟು ಅಥವಾ ವೇಪ್ ಎಂದು ಕರೆಯಲಾಗುವ ಸಾಧನದ ಪರವಾಗಿ ಮತ್ತೆ ಮತ್ತೆ ಕೇಳಿಬರುವ ವಾದವೆಂದರೆ, 'ಇದರಲ್ಲಿ ಹೊಗೆಯಿಲ್ಲ, ಟಾರ್ ಇಲ್ಲ. ಇರುವುದು ಸಸ್ಯಜನ್ಯ ಗ್ಲಿಸರಿನ್ ಮಾತ್ರ. ಕೆಮ್ಮಿನ ಔಷಧಿಯಲ್ಲಿ, ಕೇಕಿನಲ್ಲಿ, ಹಲ್ಲುಜ್ಜುವ ಪೇಸ್ಟಿನಲ್ಲಿ ಇರುವುದೂ ಅದೇ' ಎಂಬುದು. ತೆಂಗು, ತಾಳೆ, ಸೋಯಾ ಎಣ್ಣೆಗಳಿಂದ ಬಂದದ್ದು ಎಂದ ಮೇಲೆ ಅದು ನಿರಪಾಯಕಾರಿ ಎಂದು ನಂಬಲು ನಮ್ಮ ಕರಾವಳಿಯ ಮನಸ್ಸು ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಈ ನಂಬಿಕೆಯನ್ನು ಪರೀಕ್ಷಿಸುವ ಅಗತ್ಯವಿದೆ.

ಗ್ಲಿಸರಿನ್ ಸ್ವತಃ ದುಷ್ಟ ವಸ್ತುವಲ್ಲ. 1779ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ಶೀಲೆ ಆಲಿವ್ ಎಣ್ಣೆಯಿಂದ ಇದನ್ನು ಬೇರ್ಪಡಿಸಿದ. ಸಿಹಿ ಎಂಬರ್ಥದ ಗ್ರೀಕ್ ಶಬ್ದದಿಂದ ಅದಕ್ಕೆ ಹೆಸರು ಬಂತು. ಸಾಬೂನು ತಯಾರಿಕೆಯಲ್ಲಿ ಉಪೋತ್ಪನ್ನವಾಗಿ ದೊರೆಯುವ ಈ ದ್ರವ ಆಹಾರದಲ್ಲಿ, ಔಷಧದಲ್ಲಿ, ಚರ್ಮದ ಲೇಪನಗಳಲ್ಲಿ ದೀರ್ಘಕಾಲದಿಂದ ಬಳಕೆಯಲ್ಲಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು ಇದನ್ನು ಆಹಾರದಲ್ಲಿ ಸುರಕ್ಷಿತವೆಂದು ಪರಿಗಣಿಸಿದ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದೆ. ವೇಪ್ ಮಾರುವವರು ಎತ್ತಿ ತೋರಿಸುವುದು ಈ ಪಟ್ಟಿಯನ್ನೇ. ಆದರೆ ಆ ಮಾನ್ಯತೆ ತಿನ್ನುವುದಕ್ಕೆ ಸಂಬಂಧಿಸಿದ್ದೇ ಹೊರತು ಉಸಿರಾಡುವುದಕ್ಕಲ್ಲ. ಜಠರಕ್ಕೆ ಹೋದ ಆಹಾರವನ್ನು ಜೀರ್ಣರಸಗಳು ಒಡೆಯುತ್ತವೆ, ಯಕೃತ್ತು ಶೋಧಿಸುತ್ತದೆ. ಶ್ವಾಸಕೋಶಕ್ಕೆ ಅಂಥ ಕಾವಲುಗಾರರಿಲ್ಲ. ಅದರ ಗಾಳಿಚೀಲಗಳ ಗೋಡೆ ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳು. ಅದಕ್ಕೆ ತಾಕಿದ್ದು ರಕ್ತಕ್ಕೆ ತಾಕಿದಂತೆಯೇ. ಅನ್ನ ಆಹಾರವೆಂಬ ಕಾರಣಕ್ಕೆ ಅದರ ಅಗುಳು ಶ್ವಾಸನಾಳಕ್ಕೆ ಹೋದರೆ ಕ್ಷೇಮವೇ? ನೆತ್ತಿಗೆ ಹತ್ತಿದ ಅನುಭವವಿರುವ ಯಾರೂ ಈ ಪ್ರಶ್ನೆಗೆ ಉತ್ತರ ಹೇಳಬಲ್ಲರು.

ವೇಪ್ ಸಾಧನದಲ್ಲಿ ಬ್ಯಾಟರಿಯಿಂದ ಕಾಯುವ ಲೋಹದ ಸುರುಳಿ ಮತ್ತು ದ್ರವ ಹೀರುವ ಬತ್ತಿ ಇರುತ್ತವೆ. ದ್ರವದ ಬಹುಭಾಗ ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್. ಉಳಿದದ್ದು ಸುವಾಸನೆಯ ರಾಸಾಯನಿಕ ಮತ್ತು ಸಾಮಾನ್ಯವಾಗಿ ನಿಕೋಟಿನ್. ಬಾಯಿಂದ ಹೊರಬರುವ ದಟ್ಟ ಬಿಳಿ ಮೋಡಕ್ಕೆ ಗ್ಲಿಸರಿನ್ನೇ ಮುಖ್ಯ ಕಾರಣ. ಅದರ ಕುದಿಬಿಂದು ಸುಮಾರು 290 ಡಿಗ್ರಿ ಸೆಲ್ಸಿಯಸ್. ಬತ್ತಿ ಒದ್ದೆಯಾಗಿರುವಾಗ ಶಾಖ ಒಂದು ಮಿತಿಯಲ್ಲಿರುತ್ತದೆ. ದ್ರವ ಕಡಿಮೆಯಾದಾಗ ಅಥವಾ ವಿದ್ಯುತ್ ಪ್ರಮಾಣ ಏರಿಸಿದಾಗ ಸುರುಳಿಯ ಉಷ್ಣತೆ ಏಕಾಏಕಿ ಮೇಲೇರುತ್ತದೆ. ಆಗ ಗ್ಲಿಸರಿನ್ ಒಡೆದು ಅಕ್ರೋಲಿನ್, ಫಾರ್ಮಾಲ್ಡಿಹೈಡ್‌ನಂಥ ವಸ್ತುಗಳು ಉತ್ಪತ್ತಿಯಾಗುತ್ತವೆ. ಕಾವಲಿಯ ಮೇಲೆ ನಡೆಯುವ ಕ್ರಿಯೆಯೇ ಇಲ್ಲಿ ತುಟಿಯ ತುದಿಯಲ್ಲಿ ನಡೆಯುತ್ತದೆ. ಕಾರ್ಖಾನೆಯ ಗಾಳಿಯಲ್ಲಿ ಅಕ್ರೋಲಿನ್ ಹತ್ತು ಲಕ್ಷಕ್ಕೆ 0.1 ಭಾಗವನ್ನು ಮೀರಕೂಡದೆಂಬುದು ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ. ಇಷ್ಟು ಅಲ್ಪ ಪ್ರಮಾಣಕ್ಕೂ ಮಿತಿ ಹಾಕಬೇಕಾಗಿ ಬಂದ ವಸ್ತುವಿನ ಬಗ್ಗೆ ನಾವು ಮಾತನಾಡುತ್ತಿದ್ದೇವೆ.

ಕಾಯಿಸಿದಾಗ ಒಡೆಯದ ಶುದ್ಧ ಗ್ಲಿಸರಿನ್ ಹನಿಗಳನ್ನಷ್ಟೇ ಉಸಿರಾಡಿದರೆ ಏನಾಗುತ್ತದೆ? 1992ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಲಿಗಳಿಗೆ 13 ವಾರಗಳ ಕಾಲ ಗ್ಲಿಸರಿನ್ ತುಂತುರನ್ನು ಉಸಿರಾಡಿಸಲಾಗಿತ್ತು. ಕಂಡುಬಂದದ್ದು ಕಿರುನಾಲಿಗೆಯ ಒಳಪೊರೆಯ ಜೀವಕೋಶಗಳಲ್ಲಿ ಅಲ್ಪ ಬದಲಾವಣೆ. ಇದು ಭಯಪಡಿಸುವ ಫಲಿತಾಂಶವಲ್ಲ. ಆದರೆ 13 ವಾರ ಇಲಿಗೆ ತಡೆದುಕೊಳ್ಳಲು ಆದದ್ದು ಮನುಷ್ಯನಿಗೆ 30 ವರ್ಷ ತಡೆಯುತ್ತದೆಂದು ಯಾವ ವೈದ್ಯನೂ ಬರೆದುಕೊಡಲಾರ. ಚೀನಾದ ಔಷಧತಜ್ಞ ಹೊನ್ ಲಿಕ್ ಆಧುನಿಕ ಇ-ಸಿಗರೇಟನ್ನು ರೂಪಿಸಿದ್ದು 2003ರಲ್ಲಿ. ಬೀಡಿ-ಸಿಗರೇಟಿನಿಂದ ಕ್ಯಾನ್ಸರ್ ಕಾಣಿಸಿಕೊಳ್ಳಲು ಹಲವು ದಶಕಗಳೇ ಬೇಕು. ಹಾಗಿರುವಾಗ ಈ ಹೊಸ ಚಟದ ಪೂರ್ಣ ಲೆಕ್ಕ ಕೈಸೇರುವ ಮೊದಲೇ 'ಸುರಕ್ಷಿತ' ಎಂದು ಮುದ್ರೆಯೊತ್ತುವುದು ದುಡುಕು.

ಗ್ಲಿಸರಿನ್ ಎಂಬ ಹೆಸರಿನ ಡಬ್ಬಿಯೊಳಗೆ ಇರುವುದೆಲ್ಲ ಗ್ಲಿಸರಿನ್ನೇ ಎಂಬ ಖಾತರಿಯೂ ಇಲ್ಲ. ಈ ಪಾಠವನ್ನು ನಮ್ಮ ದೇಶ ಬಹಳ ದುಬಾರಿ ಬೆಲೆ ತೆತ್ತು ಕಲಿತಿದೆ. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಔಷಧಿಯಾಗಿ ಕೊಟ್ಟ ಗ್ಲಿಸರಿನ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿದ್ದರಿಂದ 14 ರೋಗಿಗಳು ಪ್ರಾಣ ಕಳೆದುಕೊಂಡರು. ನ್ಯಾಯಮೂರ್ತಿ ಲೆಂಟಿನ್ ಆಯೋಗ ಆ ಪ್ರಕರಣದ ವಿಚಾರಣೆ ನಡೆಸಿತು. ನೋಡಲು, ರುಚಿಗೆ ಗ್ಲಿಸರಿನ್ನನ್ನೇ ಹೋಲುವ ಅದೇ ವಿಷ 2022ರಲ್ಲಿ ಗ್ಯಾಂಬಿಯಾ ದೇಶದ ಮಕ್ಕಳನ್ನೂ 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದ ಮಕ್ಕಳನ್ನೂ ಕೆಮ್ಮಿನ ಔಷಧಿಯ ರೂಪದಲ್ಲಿ ಬಲಿ ತೆಗೆದುಕೊಂಡಿತು. 2009ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಪರೀಕ್ಷಿಸಿದ 18 ಇ-ಸಿಗರೇಟು ಕೊಳವೆಗಳ ಪೈಕಿ ಒಂದರಲ್ಲಿ ಈ ವಿಷ ಪತ್ತೆಯಾಗಿತ್ತು. ಪರವಾನಗಿ, ತಪಾಸಣೆ, ಪ್ರಯೋಗಾಲಯಗಳಿರುವ ಔಷಧೋದ್ಯಮದಲ್ಲೇ ಹೀಗಾದರೆ, ಹೆಸರು-ವಿಳಾಸವಿಲ್ಲದೆ ಕದ್ದು ಬರುವ ದ್ರವದ ಪಾಡೇನು?

ಹಾಗೆಂದು ಉತ್ಪ್ರೇಕ್ಷೆಯೂ ಸಲ್ಲದು. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದುವವರನ್ನು ತೀವ್ರ ಶ್ವಾಸಕೋಶದ ಕಾಯಿಲೆ ಕಾಡಿತು. 2020ರ ಫೆಬ್ರುವರಿಯ ಹೊತ್ತಿಗೆ 2,807 ಪ್ರಕರಣಗಳು, 68 ಸಾವುಗಳು ದಾಖಲಾದವು. ಅದಕ್ಕೆ ಮುಖ್ಯವಾಗಿ ಕಾರಣವಾದದ್ದು ಗ್ಲಿಸರಿನ್ ಅಲ್ಲ. ಗಾಂಜಾದ ಸಾರವಿದ್ದ ದ್ರವಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಜಿಡ್ಡಿನ ಪದಾರ್ಥ. ಎಲ್ಲ ಸಾವುಗಳನ್ನೂ ಗ್ಲಿಸರಿನ್ ತಲೆಗೆ ಕಟ್ಟುವವರು ತಮ್ಮ ಉದ್ದೇಶಕ್ಕೇ ಅಪಚಾರ ಮಾಡುತ್ತಾರೆ. ಹುಡುಗರು ಅಂಥ ಒಂದು ತಪ್ಪನ್ನು ಹಿಡಿದರೆ ನಮ್ಮ ಉಳಿದ ನಿಜವನ್ನೂ ನಂಬುವುದಿಲ್ಲ. ಆದರೂ ಆ ಪ್ರಕರಣ ಒಂದನ್ನು ಸ್ಪಷ್ಟಪಡಿಸಿತು. ವಿಟಮಿನ್ ಇ ಕೂಡ ತಿನ್ನಲು, ಚರ್ಮಕ್ಕೆ ಹಚ್ಚಲು ಯೋಗ್ಯವಾದದ್ದೇ. ಉಸಿರಿನ ದಾರಿ ಹಿಡಿದಾಗ ಅದು ಮಾರಕವಾಯಿತು.

ವಾದದ ಮತ್ತೊಂದು ಬದಿಯನ್ನೂ ಕೇಳಬೇಕು. 2015ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಇ-ಸಿಗರೇಟು ಸಿಗರೇಟಿಗಿಂತ ಸುಮಾರು ಶೇ 95ರಷ್ಟು ಕಡಿಮೆ ಹಾನಿಕರ ಎಂದಿತು. ಧೂಮಪಾನ ಬಿಡಲು ನಿಕೋಟಿನ್ ಇರುವ ವೇಪ್ ಕೆಲವರಿಗೆ ನೆರವಾಗುತ್ತದೆ ಎಂಬುದಕ್ಕೂ ಆಧಾರಗಳಿವೆ. ದಿನಕ್ಕೆರಡು ಪ್ಯಾಕ್ ಸುಡುವ ಐವತ್ತರ ವ್ಯಕ್ತಿಗೆ ಈ ಹೋಲಿಕೆಯಲ್ಲಿ ಅರ್ಥವಿದ್ದೀತು. ಆದರೆ ಎಂದೂ ಸಿಗರೇಟು ಮುಟ್ಟದ ಹದಿನಾರರ ಹುಡುಗ ಮಾವಿನ ಅಥವಾ ಪುದೀನದ ಪರಿಮಳಕ್ಕೆ ಮರುಳಾಗಿ ಸೇದುವಾಗ, ಅವನ ಮಟ್ಟಿಗೆ ಹೋಲಿಕೆ ಇರಬೇಕಾದದ್ದು ಸಿಗರೇಟಿನೊಡನೆ ಅಲ್ಲ, ಕಾರವಾರದ ಕಡಲಗಾಳಿಯೊಡನೆ. ಅಲ್ಲಿ ಗ್ಲಿಸರಿನ್ ಗೆಲ್ಲಲಾರದು.

ಕಾನೂನು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಕರ್ನಾಟಕ ಸರ್ಕಾರ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಸುಗ್ರೀವಾಜ್ಞೆ ಬಂತು. ಡಿಸೆಂಬರ್‌ನಲ್ಲಿ ಅದು ಕಾಯಿದೆಯಾಯಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಬಾರಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ಐದು ಲಕ್ಷದವರೆಗೆ ದಂಡ. ನಿಕೋಟಿನ್ ಇಲ್ಲದ ದ್ರವವೂ ಈ ನಿಷೇಧದಿಂದ ಹೊರಗುಳಿಯುವುದಿಲ್ಲ. 'ಬರೀ ಗ್ಲಿಸರಿನ್' ಎಂಬ ಸಮಜಾಯಿಷಿಗೆ ಕಾನೂನಿನಲ್ಲಿ ಜಾಗವಿಲ್ಲ.

ಆದರೆ ಕಾನೂನು ಕಾಗದದ ಮೇಲಿರುವುದಕ್ಕೂ ಗಡಿಯಲ್ಲಿ ನಿಲ್ಲುವುದಕ್ಕೂ ವ್ಯತ್ಯಾಸವಿದೆ. ಕಾರವಾರದಿಂದ ಗೋವಾ ಗಡಿಗೆ ಇರುವುದು 15 ಕಿಲೋಮೀಟರ್ ಆಸುಪಾಸು. ಮಾಜಾಳಿಯ ತನಿಖಾ ಠಾಣೆ ಗೋವಾ ಮದ್ಯದ ಬಾಟಲಿಗಳನ್ನು ಹುಡುಕುವುದರಲ್ಲಿ ಪಳಗಿದೆ. ಬಾಟಲಿ ಕಣ್ಣಿಗೆ ಕಾಣುತ್ತದೆ, ಕುಲುಕಿದರೆ ಸದ್ದಾಗುತ್ತದೆ. ಪೆನ್ನಿನಂತೆ, ಬಣ್ಣದ ಮಾರ್ಕರ್‌ನಂತೆ ಕಾಣುವ ವೇಪ್ ಶಾಲಾ ಚೀಲದ ಕಂಪಾಸ್ ಪೆಟ್ಟಿಗೆಯಲ್ಲೂ ಅಡಗುತ್ತದೆ. ವಾಸನೆ ಹಣ್ಣಿನದು, ಬೀಡಿಯ ವಾಸನೆ ಹಿಡಿದು ಕಿವಿ ಹಿಂಡುತ್ತಿದ್ದ ತಂದೆತಾಯಿಯರಿಗೆ ಸುಳಿವೇ ಸಿಗುವುದಿಲ್ಲ. ಹೆದ್ದಾರಿ, ರೈಲು, ಕೊರಿಯರ್ ಮೂರೂ ಮುಟ್ಟುವ ಅಂಕೋಲಾದಂಥ ಪಟ್ಟಣಕ್ಕೆ ಇಂಥ ಸರಕು ಬರಲು ಬಂದರು ಬೇಕಾಗಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದು, ವಶಪಡಿಸಿಕೊಂಡ ದ್ರವವನ್ನು ನಾಶಪಡಿಸುವ ಮುನ್ನ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಅದರಲ್ಲಿ ಏನಿತ್ತೆಂಬುದನ್ನು ಕನ್ನಡದಲ್ಲಿ ಪ್ರಕಟಿಸಬೇಕು. 'ಇದು ಅಪರಾಧ' ಎಂಬ ಹತ್ತು ಫಲಕಗಳಿಗಿಂತ 'ನಿಮ್ಮ ಊರಲ್ಲಿ ಸಿಕ್ಕ ಈ ಕೊಳವೆಯಲ್ಲಿ ಇಷ್ಟು ನಿಕೋಟಿನ್ ಇತ್ತು' ಎಂಬ ಒಂದು ವರದಿ ಹೆಚ್ಚು ಕೆಲಸ ಮಾಡುತ್ತದೆ. ಎರಡನೆಯದು, ಪ್ರೌಢಶಾಲೆ ಮತ್ತು ಕಾಲೇಜುಗಳ ರಸಾಯನಶಾಸ್ತ್ರದ ತರಗತಿಯಲ್ಲೇ ಈ ಪಾಠ ನಡೆಯಬೇಕು. ಗ್ಲಿಸರಿನ್ ಅಲ್ಲಿ ಹೇಗೂ ಬರುತ್ತದೆ. ಅಕ್ರೋಲಿನ್ ಹುಟ್ಟುವ ಬಗೆಯನ್ನು ವೇಪ್‌ಗೆ ಜೋಡಿಸಿ ಹೇಳಲು ಐದು ನಿಮಿಷ ಸಾಕು. ಮೂರನೆಯದು, ಸಿಕ್ಕಿಬಿದ್ದ ವಿದ್ಯಾರ್ಥಿಯನ್ನು ಹೊರಹಾಕುವ ಬದಲು ಆಪ್ತಸಮಾಲೋಚನೆಗೆ ಕಳಿಸಬೇಕು. ಕಾಯಿದೆಯ ಕೋಪವಿರುವುದು ಮಾರುವವನ ಮೇಲೆ. ಚಟ ಬಿಡಲು ಬಯಸುವವರಿಗೆ ನಿಮ್ಹಾನ್ಸ್‌ನಿಂದ ಕನ್ನಡದಲ್ಲೂ ಸಲಹೆ ದೊರೆಯುವ 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಯಿದೆ. ಅದು ಎಷ್ಟು ಶಾಲೆಗಳ ಗೋಡೆಯ ಮೇಲೆ ಬರೆದಿದೆ?

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸಲೇಬೇಕು. ಬೀಡಿ, ಸಿಗರೇಟು, ಜರ್ದಾ ಗೂಡಂಗಡಿಯಲ್ಲಿ ರಾಜಾರೋಷವಾಗಿ ತೂಗಾಡುತ್ತಿರುವಾಗ ವೇಪ್ ಒಂದನ್ನೇ ನಿಷೇಧಿಸುವುದು ಯಾವ ನ್ಯಾಯ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಾಧುವಾದದ್ದೇ. 2016-17ರ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 28.6 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಅದರ ಮುಂದೆ ವೇಪ್ ಸಣ್ಣ ಶತ್ರು. ಆದರೆ ಹಳೆಯ ಬೆಂಕಿಯನ್ನು ಆರಿಸಲಾಗಿಲ್ಲವೆಂಬುದು ಹೊಸ ಬೆಂಕಿ ಹಚ್ಚಲು ಸಮರ್ಥನೆಯಾಗದು. ತಂಬಾಕು ಖರೀದಿಯ ವಯೋಮಿತಿಯನ್ನು 18ರಿಂದ 21ಕ್ಕೆ ಏರಿಸಿ, ಹುಕ್ಕಾ ಬಾರ್‌ಗಳನ್ನು ಮುಚ್ಚಿಸಿರುವ ಕರ್ನಾಟಕ ಅದೇ ನಿಷ್ಠೆಯನ್ನು ಗೂಡಂಗಡಿಯ ಬಾಗಿಲಲ್ಲೂ ತೋರಿಸಬೇಕು ಎಂಬುದು ಈ ಪ್ರಶ್ನೆಗೆ ಸರಿಯಾದ ಉತ್ತರ.

ಅಂಕೋಲೆಗೆ ಇಂಥ ಹೋರಾಟ ಹೊಸತಲ್ಲ. ಅನ್ಯಾಯದ ಕಾನೂನನ್ನು 1930ರಲ್ಲಿ ಉಪ್ಪು ತಯಾರಿಸಿ ಮುರಿದ ಊರದು. ಅದೇ ತಾಲ್ಲೂಕಿನ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ನಿಂತರು. ಓದುಬರಹ ಬಾರದ ಆ ಅಜ್ಜಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರುವರಿಯಲ್ಲಿ ಅವರು ಕಣ್ಮುಚ್ಚಿದರು. ಸಾರಾಯಿಯ ಹಾನಿಯನ್ನು ಅರಿಯಲು ಅವರಿಗೆ ಪ್ರಯೋಗಾಲಯ ಬೇಕಾಗಲಿಲ್ಲ. ಮನೆಗಳು ಮುರಿಯುವುದನ್ನು ಅವರು ಕಣ್ಣಾರೆ ಕಂಡಿದ್ದರು. ವೇಪ್‌ನ ಹಾನಿ ಹಾಗೆ ಕಣ್ಣಿಗೆ ಬೀಳುವುದಿಲ್ಲ. ಕಾಣುವ ಹೊತ್ತಿಗೆ ಇಪ್ಪತ್ತು ವರ್ಷ ಕಳೆದಿರುತ್ತದೆ. ಆದ್ದರಿಂದಲೇ ಈಗ ಮಾತನಾಡುವ ಹೊಣೆ ಓದುಬರಹ ಬಲ್ಲವರ ಮೇಲಿದೆ. ಕಾವಲಿಯ ಹೊಗೆ ಎದ್ದಾಗ ಮಕ್ಕಳನ್ನು ಹೊರಗೆ ಕಳಿಸುವ ತಾಯಿಗೆ, ಅದೇ ಹೊಗೆ ಹಣ್ಣಿನ ಪರಿಮಳ ಪೂಸಿಕೊಂಡು ಮಗನ ಜೇಬಿಗೆ ಬಂದಿರಬಹುದೆಂದು ತಿಳಿಸುವುದು ಅಂಥ ದೊಡ್ಡ ಕೆಲಸವೇನಲ್ಲ.